ಮಲ್ಲಿಗೆಯ ರೇಟು, ನಾಲ್ಕು ಪಂಚಾಂಗ

ಸೆನ್ಸೆಕ್ಸ್ ಎಷ್ಟು ಬಿತ್ತು, ಚಿನ್ನ ಗ್ರಾಂಗೆ ಎಷ್ಟಾಯಿತು ಅಂತ ನಾವು ಟಿವಿಯವರು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇವೆ. ಪರದೆಯ ಕೆಳಗೆ ಆ ಪಟ್ಟಿ ಓಡ್ತಾನೇ ಇರುತ್ತದೆ. ಉಡುಪಿ ಜಿಲ್ಲೆಯ ಒಂದು ರೇಟು ಮಾತ್ರ ಆ ಪಟ್ಟಿಯಲ್ಲಿ ಬರುವುದಿಲ್ಲ. ಕರಾವಳಿಯ ಪತ್ರಿಕೆ ಬಿಡಿಸಿದರೆ ಒಂದು ಮೂಲೆಯಲ್ಲಿ ಸಿಗುತ್ತದೆ. ಶಂಕರಪುರ ಮಲ್ಲಿಗೆ, ಅಟ್ಟೆಗೆ ಇಷ್ಟು. ಅದರ ಪಕ್ಕದಲ್ಲೇ ಜಾಜಿ, ಇಷ್ಟು. ಮಗಳ ಮದುವೆ ಇಟ್ಟುಕೊಂಡವರು, ಮನೆಯಲ್ಲಿ ಕೋಲ ಹರಕೆ ಹೊತ್ತವರು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ.

ಪರಿಮಳದ ವ್ಯಾಪಾರ ಅಂದರೆ ನಮಗೆ ನೆನಪಾಗುವುದು ಮಾಲ್‌ನ ಗಾಜಿನ ಅಂಗಡಿ, ಸೆಂಟಿನ ಬಾಟಲಿ, ದೀಪಾವಳಿ ಆಫರ್. ಯಾವ ತಿಂಗಳು ಏನು ಹೆಚ್ಚು ಹೋಗುತ್ತದೆ ಅಂತ ಕಂಪನಿಗಳು ಲೆಕ್ಕ ಹಾಕುತ್ತವೆ, ಅದಕ್ಕೆ ದೊಡ್ಡ ಸಂಬಳದವರು ಇರುತ್ತಾರೆ. ಕಾಪು ತಾಲೂಕಿನ ಈ ಹಳ್ಳಿಗಳಲ್ಲಿ ಅದೇ ಲೆಕ್ಕವನ್ನು ಮಹಿಳೆಯರು ಮನೆಯ ಜಗಲಿಯಲ್ಲಿ ಕೂತು, ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಾ ಮಾಡಿಕೊಂಡು ಬಂದಿದ್ದಾರೆ. ಆ ಲೆಕ್ಕದ ಇತಿಹಾಸ ಹೇಳುವ ಆಸೆ ನನಗೆ ಬಹಳ ದಿನದಿಂದ ಇತ್ತು. ಯಾಕೆ ಅಂದರೆ, ಅದರೊಳಗೆ ಈ ಜಿಲ್ಲೆಯ ಜನ ಹೇಗೆ ಒಟ್ಟಿಗೆ ಬಾಳುತ್ತಾ ಬಂದರು ಅನ್ನುವುದೂ ಇದೆ, ಆ ಬಾಳಿನ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಅನ್ನುವುದೂ ಇದೆ.

ಮೊದಲು ಅಳತೆ ಗೊತ್ತಿರಲಿ. ಉಡುಪಿಯಿಂದ ಕಾಪು ಕಡೆಗೆ ಹೋಗುವಾಗ ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಿರ್ವದ ರಸ್ತೆಗೆ ತಿರುಗಿದರೆ ಶಂಕರಪುರ ಸಿಗುತ್ತದೆ. ಸುತ್ತ ಇನ್ನಂಜೆ, ಬಂಟಕಲ್ಲು, ಮೂಡುಬೆಳ್ಳೆ, ಕುತ್ಯಾರು. ಇಲ್ಲಿ ಮಲ್ಲಿಗೆ ತೂಕಕ್ಕೆ ಮಾರುವುದಿಲ್ಲ. ಎಣಿಸಿ ಮಾರುತ್ತಾರೆ. 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಹೂವು. ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯಬೇಕು. ಬಿಸಿಲೇರುವ ಮುಂಚೆ ಎಣಿಸಿ, ಕಟ್ಟಿ, ಬಾಳೆಎಲೆಯಲ್ಲಿ ಸುತ್ತಿ ಕಟ್ಟೆಗೆ ಮುಟ್ಟಿಸಬೇಕು. ಕಟ್ಟೆ ಅಂದರೆ ಹೂವು ಒಟ್ಟು ಮಾಡುವ ವ್ಯಾಪಾರಸ್ಥರ ಜಾಗ. ಅವತ್ತು ಎಷ್ಟು ಹೂ ಬಂತು, ಎಲ್ಲೆಲ್ಲಿಂದ ಎಷ್ಟು ಬೇಡಿಕೆ ಬಂತು ನೋಡಿ ಅಂದಿನ ದರ ನಿಗದಿಯಾಗುವುದು ಅಲ್ಲೇ. ಅಲ್ಲಿಂದ ಬಸ್ಸು ಹಿಡಿದು ಉಡುಪಿ, ಮಂಗಳೂರು, ಕಾರ್ಕಳ. ರಾತ್ರಿಯ ವಾಹನದಲ್ಲಿ ಮುಂಬಯಿ. ಬಜಪೆಯಿಂದ ವಿಮಾನದಲ್ಲಿ ಕೊಲ್ಲಿ ದೇಶ. ಸಂಜೆ ಹೊತ್ತಿಗೆ ಮೊಗ್ಗು ಅರಳುತ್ತದೆ. ಮರುದಿನ ಅದಕ್ಕೆ ಬೆಲೆ ಇಲ್ಲ.

ಈಚಿನ ವರ್ಷಗಳಲ್ಲಿ ಅಟ್ಟೆಯ ದರ 2,100 ರೂಪಾಯಿ ಮುಟ್ಟಿದ ದಿನಗಳಿವೆ. ಕಟ್ಟೆಯಲ್ಲಿ ಅದೇ ಗರಿಷ್ಠ ಅಂತ ಇಟ್ಟುಕೊಂಡಿದ್ದಾರೆ. ಭಾಗಿಸಿ ನೋಡಿ, ಒಂದು ಹೂವಿಗೆ 65 ಪೈಸೆ. ಇನ್ನು ಕೆಲವು ದಿನ ಅದೇ ಹೂವು, ಅದೇ ಕೈ, ಅದೇ ನಾರು, ದರ ಮಾತ್ರ ಕೆಲವೇ ನೂರಕ್ಕೆ ಇಳಿದಿರುತ್ತದೆ. ಅಟ್ಟೆಗೆ 320 ರೂಪಾಯಿ ಅಂದರೆ ಹೂವಿಗೆ ಹತ್ತು ಪೈಸೆ ಆಯಿತು. ಒಂದೇ ವರ್ಷದೊಳಗೆ ಇಷ್ಟೊಂದು ಏರಿಳಿಯುವ ಸರಕು ಮತ್ಯಾವುದಿದೆ? ಟೊಮೆಟೊ ಅನ್ನಬಹುದು. ಆದರೆ ಟೊಮೆಟೊ ಏರಿಳಿಯುವುದು ಬೆಳೆ ನೋಡಿಕೊಂಡು. ಮಲ್ಲಿಗೆ ಏರಿಳಿಯುವುದು ಬೆಳೆಯ ಜೊತೆಗೆ ಪಂಚಾಂಗವನ್ನೂ ನೋಡಿಕೊಂಡು. ಅದೂ ಒಂದಲ್ಲ, ನಾಲ್ಕು ಪಂಚಾಂಗ.

ಒಂದನೆಯದು ತುಳುವರ ಸೌರಮಾನದ ತಿಂಗಳುಗಳು. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಹೀಗೆ. ದೈವಗಳ ಕೋಲ, ನೇಮ ನಡೆಯುವುದು ಈ ಲೆಕ್ಕದಲ್ಲಿ. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಶುರುವಾದರೆ ಬೇಶ ತಿಂಗಳ ಹತ್ತನೇ ದಿನದವರೆಗೆ ಪುರುಸೊತ್ತಿಲ್ಲ. ಆ ದಿನಕ್ಕೆ ಪತ್ತನಾಜೆ ಅನ್ನುತ್ತಾರೆ. ಮೇ 24ರ ಆಸುಪಾಸು ಬರುತ್ತದೆ. ಅವತ್ತಿಗೆ ದೈವಗಳ ಗಗ್ಗರ ಒಳಗೆ ಹೋಗುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಿಂದೆ ಆಟಿ ಅಂದರೆ ಹಸಿವಿನ ತಿಂಗಳು. ಈಗ ಹೋಟೆಲಿನಲ್ಲಿ ಟಿಕೆಟ್ ಇಟ್ಟು "ಆಟಿಡೊಂಜಿ ದಿನ" ಮಾಡುತ್ತಾರೆ, ಅದು ಬೇರೆ ಮಾತು.

ಎರಡನೆಯದು ಚಾಂದ್ರಮಾನ. ನಾಗರ ಪಂಚಮಿ, ವರಮಹಾಲಕ್ಷ್ಮಿ, ಚೌತಿ, ನವರಾತ್ರಿ ಎಲ್ಲ ಇದರ ಲೆಕ್ಕ. ಇದು ಸೌರ ತಿಂಗಳ ಮೇಲೆ ಜಾರುತ್ತಾ ಇರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ನಾಗರ ಪಂಚಮಿ ಆಗಸ್ಟ್ 21ಕ್ಕೆ ಹೋಯಿತು. ಮರುವರ್ಷ ಆಗಸ್ಟ್ 9ಕ್ಕೇ ಬಂತು. ನಿಮಗೆ ನಮಗೆ ರಜೆ ಹನ್ನೆರಡು ದಿನ ಆಚೆ ಈಚೆ, ಅಷ್ಟೇ. ಗಿಡದಲ್ಲಿ ಅವತ್ತು ಎಷ್ಟು ಮೊಗ್ಗಿದೆ ಅನ್ನುವವರಿಗೆ ಹನ್ನೆರಡು ದಿನ ದೊಡ್ಡದು. ಇದೇ ಪಂಚಾಂಗದಲ್ಲಿ ಗುರು ಅಸ್ತ, ಶುಕ್ರ ಅಸ್ತ ಅಂತಲೂ ಇದೆ. 2024ರ ಮೇ, ಜೂನ್‌ನಲ್ಲಿ ಹಾಗೆ ಆಗಿ ಮದುವೆ ಮುಹೂರ್ತಗಳಿಗೇ ಬರ ಬಿತ್ತು. ಆಕಾಶದಲ್ಲಿ ಶುಕ್ರ ಕಾಣದಿದ್ದರೆ ಬಂಟಕಲ್ಲಿನ ಒಂದು ಮನೆಯ ಒಲೆಗೆ ಪೆಟ್ಟು ಬೀಳುತ್ತದೆ ಅಂದರೆ ನಂಬಬೇಕು ನೀವು.

ಮೂರನೆಯದು ಇಗರ್ಜಿಯ ಕ್ಯಾಲೆಂಡರ್. ಶಂಕರಪುರ, ಶಿರ್ವ, ಮೂಡುಬೆಳ್ಳೆ ಎಲ್ಲ ಕೆಥೋಲಿಕರು ಚೆನ್ನಾಗಿ ನೆಲೆ ನಿಂತ ಊರುಗಳು. ಮಲ್ಲಿಗೆ ಬೆಳೆಸುವ ಕುಟುಂಬಗಳಲ್ಲಿ ಅವರೂ ಇದ್ದಾರೆ, ಬಂಟರೂ ಬಿಲ್ಲವರೂ ಇದ್ದಾರೆ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರ, ಈಸ್ಟರ್‌ಗೆ ಮೊದಲಿನ ನಲವತ್ತು ದಿನ ಅವರಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕ್ರಿಸ್ಮಸ್ ಮುಗಿದದ್ದೇ ಸಾಲು ಸಾಲು ರೋಸ್, ಸಾಲು ಸಾಲು ಮದುವೆ. ಅದೇ ಹೊತ್ತಿಗೆ ಹಿಂದೂ ಮನೆಗಳಲ್ಲಿ ಧನುರ್ಮಾಸ ಅಂತ ಮುಹೂರ್ತ ನಿಂತಿರುತ್ತದೆ. ಜನವರಿಯಲ್ಲಿ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ವಾರ್ಷಿಕ ಹಬ್ಬ, ಎಲ್ಲ ಜಾತಿಯವರೂ ಹೋಗುವ ಜಾತ್ರೆ ಅದು. 2016ರಲ್ಲಿ ಅದಕ್ಕೆ ಬಸಿಲಿಕ ಪದವಿ ಸಿಕ್ಕಿತು. ಆಮೇಲೆ ಅವರು ತಪಸ್ಸು ಕಾಲಕ್ಕೆ ನಿಲ್ಲಿಸಿದಾಗ ಇಲ್ಲಿ ಜಾತ್ರೆ, ನೇಮ, ಬ್ರಹ್ಮಕಲಶ ಕಾವೇರಿರುತ್ತದೆ. ಒಬ್ಬರ ಬಿಡುವು ಇನ್ನೊಬ್ಬರ ಸೀಸನ್. ಯಾರೂ ಕೂತು ಮಾಡಿದ ಒಪ್ಪಂದ ಇದಲ್ಲ, ಆದರೂ ಹೂವಿನ ಕಟ್ಟೆ ಖಾಲಿ ಬೀಳದ ಹಾಗೆ ನೋಡಿಕೊಂಡದ್ದು ಇದೇ.

ನಾಲ್ಕನೆಯದು ಹಿಜರಿ. ಅದು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಹಿಂದೆ ಬರುತ್ತದೆ. ಬ್ಯಾರಿ ಮದುವೆಗಳಿಗೂ ಮಲ್ಲಿಗೆ ಬೇಕು, ಮದುಮಗಳ ತಲೆ ತುಂಬ ಬೇಕು. ರಂಜಾನ್ ತಿಂಗಳಲ್ಲಿ ಮದುವೆ ಇರುವುದಿಲ್ಲ, ಆ ಬೇಡಿಕೆ ಒಂದು ತಿಂಗಳು ಮಲಗುತ್ತದೆ. ಅದರ ಬದಲು ಅತ್ತರಿನ ಅಂಗಡಿ ಏಳುತ್ತದೆ. ಅತ್ತರಿಗೆ ಮದ್ಯಸಾರ ಬೆರೆಸುವುದಿಲ್ಲ, ಗಂಧದೆಣ್ಣೆ ಅದರ ಹಳೆಯ ತಳಹದಿ. ಈ ಸೀಸನ್‌ಗೆ ಗೊತ್ತಾದ ತಿಂಗಳೇ ಇಲ್ಲ. ಇಸವಿ 2000ದಲ್ಲಿ ಈದುಲ್ ಫಿತ್ರ್ ಎರಡು ಸಲ ಬಂತು, ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ. ಯಾವ ಮಾರ್ಕೆಟಿಂಗ್ ಮ್ಯಾನೇಜರ್ ಇದನ್ನು ಎಕ್ಸೆಲ್ ಹಾಳೆಯಲ್ಲಿ ಹಾಕುತ್ತಾನೆ? ಅತ್ತರಿನ ಮುದುಕ ವ್ಯಾಪಾರಿಗೆ ಅದು ಬಾಯಿಪಾಠ.

ಈಗ ಗಿಡದ ಕಡೆ ಬನ್ನಿ. ಗಿಡಕ್ಕೆ ಈ ನಾಲ್ಕೂ ಪಂಚಾಂಗ ಗೊತ್ತಿಲ್ಲ. ಅದಕ್ಕೆ ಬಿಸಿಲು ಗೊತ್ತು. ಮಾರ್ಚಿನಿಂದ ಮೇವರೆಗೆ ಬಿಟ್ಟು ಬಿಟ್ಟು ರಾಶಿ ಹಾಕುತ್ತದೆ. ಮಳೆ ಹಿಡಿಯಿತೋ, ಮೊಗ್ಗು ಕೊಳೆಯುತ್ತದೆ, ಹೂ ಕಮ್ಮಿ. ಡಿಸೆಂಬರ್ ಜನವರಿಯ ಚಳಿ, ಮಂಜಿಗೂ ಕಮ್ಮಿ. ಈ ಎರಡನ್ನೂ ಒಂದರ ಮೇಲೆ ಒಂದು ಇಟ್ಟು ನೋಡಿದರೆ ದರದ ಗುಟ್ಟು ತಿಳಿಯುತ್ತದೆ. ಬೇಸಿಗೆಯಲ್ಲಿ ಹೂ ತುಂಬ, ಬೇಡಿಕೆಯೂ ತುಂಬ. ಮುಹೂರ್ತ ಇದ್ದ ದಿನ ದರ ನಿಲ್ಲುತ್ತದೆ, ಇಲ್ಲದ ಮರುದಿನವೇ ಬೀಳುತ್ತದೆ. ಆಟಿಯಲ್ಲಿ ಹೂವೂ ಇಲ್ಲ, ಕೇಳುವವರೂ ಇಲ್ಲ. ಆಟಿ ಮುಗಿಯುವ ಹೊತ್ತಿಗೆ ಪಂಚಮಿ, ವರಮಹಾಲಕ್ಷ್ಮಿ, ಅಷ್ಟಮಿ, ಚೌತಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಎಲ್ಲರಿಗೂ ಬೇಕು, ಗಿಡದಲ್ಲಿ ಇಲ್ಲ. ದರ ಹಾರುತ್ತದೆ. ಆಮೇಲೆ ಚಳಿಗಾಲದ ಮದುವೆ, ಕೋಲಗಳಿಗೆ ಮತ್ತೆ ಅದೇ ಕಥೆ. ದೊಡ್ಡ ದರ ಬಂದಾಗ ಬೆಳೆಗಾರರ ಕೈಯಲ್ಲಿ ಅರ್ಧ ಚೆಂಡು ಹೂವಿರುತ್ತದೆ. ಪತ್ರಿಕೆಯಲ್ಲಿ 2,100 ಅಂತ ಓದಿ "ಅಬ್ಬಾ, ಮಲ್ಲಿಗೆಯವರು ಶ್ರೀಮಂತರಾದರು" ಅನ್ನುವವರು ಇದೊಂದನ್ನು ನೆನಪಿಡಬೇಕು.

ನಾಗರ ಪಂಚಮಿಯ ಹಿಂದಿನ ದಿನ ಉಡುಪಿಯ ರಥಬೀದಿ ಸುತ್ತಮುತ್ತ ಒಮ್ಮೆ ನಡೆದು ನೋಡಿ. ಅದು ಪರಿಮಳದ ಸಂತೆ. ಕೇದಗೆ, ಸಂಪಿಗೆ, ಅಡಿಕೆಯ ಹಿಂಗಾರ, ಜೊತೆಗೆ ಸೀಯಾಳ. ಕೇದಗೆ ಆ ಒಂದು ದಿನಕ್ಕಾಗಿಯೇ ಮಾರುಕಟ್ಟೆಗೆ ಬರುವ ಸರಕು ಅಂದರೂ ತಪ್ಪಿಲ್ಲ. ಕಾಪುವಿನಲ್ಲಿ ಮಾರಿಪೂಜೆ ವರ್ಷಕ್ಕೆ ಮೂರು ಸಲ. ಸುಗ್ಗಿಮಾರಿ, ಆಟಿಮಾರಿ, ಜಾರ್ದೆಮಾರಿ. ಮಂಗಳವಾರ ರಾತ್ರಿ ಶುರುವಾಗಿ ಬುಧವಾರ ಮುಗಿಯುತ್ತದೆ. ಗದ್ದುಗೆಗೆ ಮಲ್ಲಿಗೆ ಚೆಂಡು ಒಪ್ಪಿಸಲು ಜನ ಸಾಲುಗಟ್ಟುತ್ತಾರೆ. ನೋಡಿ, ಮದುವೆಯೇ ಇಲ್ಲದ ಆಟಿಯಲ್ಲೂ ಮಾರಿಯಮ್ಮ ಒಂದು ದಿನದ ಮಟ್ಟಿಗೆ ಹೂವಿನ ವ್ಯಾಪಾರ ಉಳಿಸಿಕೊಡುತ್ತಾಳೆ. ಕಾಪು ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಮೂಲ್ಕಿಯ ಬಪ್ಪನಾಡು. ಜಾತ್ರೆಯಲ್ಲಿ ದುರ್ಗೆಯ ಶಯನಕ್ಕೆ ಮಲ್ಲಿಗೆಯ ರಾಶಿ ಬೀಳುತ್ತದೆ. ಆ ದೇವಸ್ಥಾನದ ಕಥೆಯಲ್ಲಿ ಬಪ್ಪ ಎಂಬ ಬ್ಯಾರಿ ವ್ಯಾಪಾರಿ ಇದ್ದಾನೆ. ಹೂವು ಕ್ರೈಸ್ತರ ಅಂಗಳದಲ್ಲಿ ಬೆಳೆದು ಬಂದಿರಬಹುದು. ಯಾರ ಹೂವು ಯಾರಿಗೆ ಅಂತ ಅಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಕೇಳುವ ಕಾಲ ಬರಬಾರದು ಅನ್ನುವುದು ನನ್ನ ಆಸೆ. ಜಾತ್ರೆಯಲ್ಲಿ ಯಾರು ಅಂಗಡಿ ಹಾಕಬಹುದು, ಯಾರು ಹಾಕಬಾರದು ಅನ್ನುವ ಜಗಳವನ್ನು ಇದೇ ಕರಾವಳಿಯಿಂದ ನಾವು 2022ರಲ್ಲಿ ವರದಿ ಮಾಡಿದ್ದೇವಲ್ಲ.

ಋತುವಿಗೆ ತಕ್ಕ ಪರಿಮಳ ಅನ್ನುವುದು ನಮ್ಮಲ್ಲಿ ಹೊಸದೇನಲ್ಲ. ಆಯುರ್ವೇದದ ಋತುಚರ್ಯೆ ಬೇಸಿಗೆಗೆ ಗಂಧದ ಲೇಪ, ಚಳಿಗೆ ಅಗರು ಅಂತ ಹೇಳಿಬಿಟ್ಟಿದೆ. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೇ ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದರ ಜೊತೆಗೆ ಸುಗಂಧ ದ್ರವ್ಯ ತಯಾರಿಸುವುದಕ್ಕೂ ಒಂದು ಭಾಗ ಇದೆ. ಸಾವಿರ ವರ್ಷ ಹಿಂದೆ ಸಾಮಾನ್ಯ ಜನರ ಉಪಯೋಗಕ್ಕೆ ಅಂತ ಬರೆದ ಕೈಪಿಡಿಯಲ್ಲಿ ಪರಿಮಳವನ್ನು ಅಡುಗೆಯ ಸಾಲಿನಲ್ಲಿ ಕೂರಿಸಿದ್ದಾರೆ. ಇನ್ನೂ ನೂರು ವರ್ಷ ಕಳೆದು ಕಲ್ಯಾಣದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳ ಪಟ್ಟಿಯಲ್ಲಿ ಲೇಪನ, ಹೂವು, ಧೂಪ ಒಂದೊಂದಕ್ಕೂ ಜಾಗ ಇದೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇದೇ ಮಂಗಳೂರಿನ ಮೇಲೆ ಹಾದು ವಿಜಯನಗರಕ್ಕೆ ಹೋದ. ಅಲ್ಲಿ ಗುಲಾಬಿ ಎಲ್ಲೆಲ್ಲೂ ಮಾರುವುದನ್ನು ಕಂಡು, ಈ ಜನಕ್ಕೆ ಅನ್ನದಷ್ಟೇ ಹೂವೂ ಬೇಕು ಅನ್ನುವ ಅರ್ಥದಲ್ಲಿ ಬರೆದಿಟ್ಟ. ಅವನು ಬಂದ ಸಮುದ್ರದ ದಾರಿಗೂ ಸೀಸನ್ ಇತ್ತು. ಮುಂಗಾರಿನ ಮೂರು ತಿಂಗಳು ಬಾರಕೂರು, ಬಸರೂರು, ಮಂಗಳೂರು ಎಲ್ಲ ಬಂದರುಗಳೂ ಮುಚ್ಚಿದಂತೆಯೇ. ಅರೇಬಿಯಾದ ಧೂಪ ಇಳಿಯುವುದು, ಇಲ್ಲಿಯ ಗಂಧ ಹತ್ತುವುದು ಎಲ್ಲ ಗಾಳಿ ತಿರುಗಿದ ಮೇಲೆ.

ಆ ಸೀಸನ್‌ನಿಂದ ತಪ್ಪಿಸಿಕೊಳ್ಳುವ ಉಪಾಯವೇ ಬಾಟಲಿ. ಇದು ನನ್ನ ಅಭಿಪ್ರಾಯ, ಆದರೆ ಯೋಚಿಸಿ ಹೇಳುತ್ತಿದ್ದೇನೆ. ಪರಿಮಳವನ್ನು ಎಣ್ಣೆ ಮಾಡಿ ಮುಚ್ಚಿಟ್ಟರೆ ಇವತ್ತು ಬಿಕರಿಯಾಗದಿದ್ದರೆ ನಾಳೆ, ಇಲ್ಲದಿದ್ದರೆ ಆರು ತಿಂಗಳು ಬಿಟ್ಟು. ನಮ್ಮ ರಾಜ್ಯದಲ್ಲೇ ಅದರ ದೊಡ್ಡ ಉದಾಹರಣೆ ಇದೆ. ಮೈಸೂರಿನ ಗಂಧದ ಮರ ಹರಾಜಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಯಿತು, ಹಡಗು ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1916ರಲ್ಲಿ ಮೈಸೂರಿನಲ್ಲೇ ಎಣ್ಣೆ ಇಳಿಸುವ ಕಾರ್ಖಾನೆ ಹಾಕಿತು. ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸೋಪು. ಶರಭದ ಗುರುತಿನ ಆ ಮೈಸೂರ್ ಸ್ಯಾಂಡಲ್ ಸೋಪಿಗೆ ನೂರು ವರ್ಷ ದಾಟಿದೆ. ಅದಕ್ಕೆ ಆಟಿ ಇಲ್ಲ, ಧನುರ್ಮಾಸ ಇಲ್ಲ, ಅಂಗಡಿ ಕಪಾಟಿನಲ್ಲಿ ಕೂತೇ ಇರುತ್ತದೆ. ಫ್ರಾನ್ಸಿನ ಗ್ರಾಸ್ ಊರಲ್ಲಿ ಮಲ್ಲಿಗೆ ಕೊಯ್ಯುವುದು ಆಗಸ್ಟಿನಿಂದ ಅಕ್ಟೋಬರ್‌ವರೆಗೆ. 1921ರಲ್ಲಿ ಬಂದ ಶನೆಲ್ ನಂಬರ್ 5 ಅನ್ನುವ ಸೆಂಟಿನ ಜೀವ ಆ ಹೂವಿನಲ್ಲಿದೆ. ಆರೇಳು ನೂರು ಕಿಲೋ ಹೂವಿಗೆ ಒಂದು ಕಿಲೋ ಸತ್ವ ಸಿಗುತ್ತದೆ. ಹೂವಿನ ಸೀಸನ್ ಅಕ್ಟೋಬರಿಗೆ ಮುಗಿದರೂ ಬಾಟಲಿ ಕ್ರಿಸ್ಮಸ್‌ಗೆ ಬಿಕರಿಯಾಗುತ್ತದೆ. ಅಲ್ಲಿ ಸೆಂಟಿನ ದೊಡ್ಡ ಸುಗ್ಗಿ ಡಿಸೆಂಬರೇ. ತಮಿಳುನಾಡಿನ ಸತ್ಯಮಂಗಲದಲ್ಲೂ ಹೂವು ಹೆಚ್ಚಾಗಿ ದರ ಬಿದ್ದ ದಿನ ಕಾರ್ಖಾನೆಗೆ ಸುರಿಯುತ್ತಾರೆ.

ಹಾಗಾದರೆ ಶಂಕರಪುರದವರು ಯಾಕೆ ಸುರಿಯುವುದಿಲ್ಲ? ಕಾರ್ಖಾನೆ ಕೊಳ್ಳುವುದು ತೂಕಕ್ಕೆ. ಇವರು ಮಾರುವುದು ಎಣಿಕೆಗೆ. ಹೂವಿನ ಬೆಲೆಯ ಒಂದು ದೊಡ್ಡ ಪಾಲು ಅದನ್ನು ಕಟ್ಟಿದ ಕೈಯದು. ಬೆರಳಿನ ಲೆಕ್ಕದಲ್ಲಿ, ಒಂದೇ ಅಳತೆಗೆ, ಮೊಗ್ಗು ಮುರಿಯದ ಹಾಗೆ ಕಟ್ಟುವ ಆ ಕೆಲಸಕ್ಕೆ ಕಾರ್ಖಾನೆಯಲ್ಲಿ ಬೆಲೆ ಸೊನ್ನೆ. ಇನ್ನೊಂದು, ಇಲ್ಲಿಯ ತೋಟ ಅಂದರೆ ಎಕರೆಗಟ್ಟಲೆ ಅಲ್ಲ. ಮನೆ ಪಕ್ಕದ ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್. 1974ರ ಭೂಸುಧಾರಣಾ ತಿದ್ದುಪಡಿ ಆದ ಮೇಲೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರು ಡಿಕ್ಲರೇಶನ್ ಕೊಟ್ಟು ಸಣ್ಣ ಸಣ್ಣ ತುಂಡು ಭೂಮಿಯ ಒಡೆಯರಾದರು. ಗಂಡಸರು ಮುಂಬಯಿಗೆ ಹೋಟೆಲ್ ಕೆಲಸಕ್ಕೆ, ಆಮೇಲೆ ಕೊಲ್ಲಿಗೆ ಹೋದರು. ಮನೆಯಲ್ಲಿ ಉಳಿದ ಹೆಂಗಸರಿಗೆ ಆ ತುಂಡು ಭೂಮಿಯಲ್ಲಿ ದಿನಾ ಕಾಸು ಕೊಡುವ ಬೆಳೆ ಅಂದರೆ ಇದೇ. ಭತ್ತ ವರ್ಷಕ್ಕೆ ಎರಡು ಸಲ ಕೊಡುತ್ತದೆ. ಮಲ್ಲಿಗೆ ದಿನಾ ಕೊಡುತ್ತದೆ, ಹೆಚ್ಚೋ ಕಮ್ಮಿಯೋ. ಮಕ್ಕಳ ಶಾಲೆ ಫೀಸು, ಸೊಸೈಟಿಯ ಕಂತು, ಹೆಣ್ಣುಮಕ್ಕಳ ಚಿನ್ನ ಎಲ್ಲ ಈ ನಾರಿನಿಂದ ಬಂದದ್ದು.

ಮುಂಬಯಿಗೆ ಹೋದವರು ಮಲ್ಲಿಗೆಯನ್ನು ಬಿಡಲಿಲ್ಲ. ಅಲ್ಲಿಯ ಮದುವೆ, ಶನಿಪೂಜೆ, ಯಕ್ಷಗಾನ ಎಲ್ಲದಕ್ಕೂ ಊರಿನ ಹೂವೇ ಬೇಕು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮುಂಬಯಿ ಒಂದು ರಾತ್ರಿಯ ದಾರಿ ಆಯಿತು. ಆ ರೈಲಿನ ಹೆಸರು ಮತ್ಸ್ಯಗಂಧ! ಮೀನಿನ ವಾಸನೆಯ ಹುಡುಗಿ ಪರಾಶರರ ವರದಿಂದ ಯೋಜನಗಂಧಿ ಆದಳು ಅನ್ನುವ ಮಹಾಭಾರತದ ಕಥೆ ನಿಮಗೆ ಗೊತ್ತು. ಹೆಸರಿಟ್ಟ ಪುಣ್ಯಾತ್ಮರಿಗೆ ಕರಾವಳಿ ಅರ್ಥವಾಗಿತ್ತು.

ಕೊಲ್ಲಿಗೆ ಹೋದವರು ಇನ್ನೊಂದು ಸೀಸನ್ ತಂದರು. ಎಂಬತ್ತರ ದಶಕದಲ್ಲಿ ಕಾಪು, ಶಿರ್ವ, ಕಾರ್ಕಳದ ಕಡೆ ಯಾರಾದರೂ ರಜೆಗೆ ಬಂದರು ಅಂತ ಹೇಳಬೇಕಾಗಿರಲಿಲ್ಲ, ಬೀದಿಗೆ ಸೆಂಟಿನ ವಾಸನೆ ಬರುತ್ತಿತ್ತು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬ್ರೂಟ್ ಸ್ಪ್ರೇ, ಯಾರ್ಡ್ಲಿ ಪೌಡರು, ಸೋಪು. ನೆರೆಹೊರೆಗೆ ತಲಾ ಒಂದು. ಮಕ್ಕಳ ಶಾಲೆ ಅಲ್ಲಿ ಇದ್ದವರಿಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಇಲ್ಲಿ ಆಗ ಸುರಿಯುವ ಮಳೆ, ಆಟಿ. ಹಿಂದೂ ಮನೆಯವರು ಮದುವೆಗೆ ಅಂತಲೇ ಬೇಸಿಗೆಯಲ್ಲೋ ಡಿಸೆಂಬರಿನಲ್ಲೋ ಬೇರೆ ರಜೆ ಹೊಂದಿಸಬೇಕಾಗಿತ್ತು. ಈಗಲೂ ಹೊಂದಿಸುತ್ತಾರೆ.

ಈ ಎಲ್ಲ ಪಂಚಾಂಗದ ಹೊರಗೆ ಇರುವ ಒಂದು ಊರು ಇದೇ ಜಿಲ್ಲೆಯಲ್ಲಿದೆ, ಮಣಿಪಾಲ. 1953ರಲ್ಲಿ ಟಿ.ಎಂ.ಎ. ಪೈ ಅವರು ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಶುರು ಮಾಡಿದರು. ಈಗ ಅಲ್ಲಿ ದೇಶವಿದೇಶದ ಹುಡುಗ ಹುಡುಗಿಯರು. ಟೈಗರ್ ಸರ್ಕಲ್ ಸುತ್ತಿನ ಸೌಂದರ್ಯವರ್ಧಕದ ಅಂಗಡಿಗಳಿಗೆ ಸೀಸನ್ ಅಂದರೆ ಕಾಲೇಜು ಶುರುವಾಗುವ ತಿಂಗಳು, ಕಾಲೇಜಿನ ಉತ್ಸವ, ಘಟಿಕೋತ್ಸವ. ಶಂಕರಪುರದಲ್ಲಿ ಆಟಿ ಅಂತ ಕಟ್ಟೆ ತಣ್ಣಗಿರುವಾಗ ಮಣಿಪಾಲದಲ್ಲಿ ಹೊಸ ಬ್ಯಾಚು ಬಂದು ಶಾಂಪೂ, ಪರ್ಫ್ಯೂಮ್, ಸನ್‌ಸ್ಕ್ರೀನ್ ಹುಡುಕುತ್ತಿರುತ್ತದೆ. ಪರೀಕ್ಷೆ ಮುಗಿಸಿ ಎಲ್ಲರೂ ರೈಲು ಹತ್ತಿದ ಮೇಲೆ ಆ ಅಂಗಡಿಯವರು ನೊಣ ಹೊಡೆಯುತ್ತಾರೆ, ಕೆಳಗೆ ಉಡುಪಿಯ ಕಲ್ಯಾಣ ಮಂಟಪಗಳಲ್ಲಿ ಮಲ್ಲಿಗೆ ಘಮಘಮ. ಐದು ಕಿಲೋಮೀಟರ್ ದೂರದಲ್ಲಿ ಎರಡು ಬೇರೆ ವರ್ಷಗಳು ನಡೆಯುತ್ತಿರುತ್ತವೆ. ಕಾರ್ಕಳದಲ್ಲಿ ಇನ್ನೂ ಒಂದು ವಿಚಿತ್ರ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಗೆ ಸುಮಾರು 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಹಾಲು, ಎಳನೀರು, ಅರಿಶಿನ, ಗಂಧ, ಕೇಸರಿ. ಕಳೆದ ಸಲ ಆದದ್ದು 2015ರಲ್ಲಿ. ಗಂಧದ ವ್ಯಾಪಾರಿಗೆ ಇದಕ್ಕಿಂತ ಉದ್ದದ ಸೀಸನ್ ಎಲ್ಲಿ ಸಿಕ್ಕೀತು!

ಇಷ್ಟೆಲ್ಲ ಪಂಚಾಂಗಗಳು ಒಂದಕ್ಕೊಂದು ಆಸರೆಯಾಗಿ ನಿಂತಿದ್ದವು ಅಂದೆನಲ್ಲ. ಅವೆಲ್ಲ ಒಟ್ಟಿಗೆ ನಿಂತುಹೋದ ವರ್ಷ 2020. ಮಾರ್ಚ್ 25ಕ್ಕೆ ಲಾಕ್‌ಡೌನ್. ಗಿಡಕ್ಕೆ ಅದು ಸುಗ್ಗಿಯ ಶುರುವಾತು. ಮದುವೆ ಇಲ್ಲ, ನೇಮ ಇಲ್ಲ, ಈಸ್ಟರ್ ಪೂಜೆಗೆ ಇಗರ್ಜಿಯಲ್ಲಿ ಜನ ಇಲ್ಲ, ರಂಜಾನ್ ಮುಗಿದರೂ ಮದುವೆ ಇಲ್ಲ. ಬಸ್ಸೇ ಇಲ್ಲ. ಪತ್ತನಾಜೆ ಬಂದು ಹೋಯಿತು. ಮೊಗ್ಗು ಗಿಡದಲ್ಲೇ ಅರಳಿ ಉದುರಿತು. ಆಮೇಲೆ ಒಮ್ಮೆ ಬಂಟಕಲ್ಲಿನ ಕಡೆ ಹೋದಾಗ ಅಂಗಳದಲ್ಲಿ ಹೂ ಕಟ್ಟುತ್ತಿದ್ದ ಒಬ್ಬ ಹಿರಿಯಕ್ಕನನ್ನು ಕೇಳಿದೆ, ಆ ಎರಡು ತಿಂಗಳು ಏನು ಮಾಡಿದಿರಿ ಅಂತ.

"ಎಂತ ಮಾಡುದು ಮಾರಾಯ್ರೆ, ಗಿಡಕ್ಕೆ ನೀರು ಬಿಡದೆ ಕೂತ್ಕೊಳ್ಳಿಕ್ಕೆ ಆಗ್ತದಾ? ನೀರು ಬಿಟ್ಟೆ, ಹಿಂಡಿ ಹಾಕಿದೆ. ಹೂ ಬಂತು. ಹೂಗೆ ಗೊತ್ತುಂಟಾ ಕೊರೊನಾ?"

"ಕೊಯ್ದಿರಾ?"

"ದೇವರಿಗೆ ಬೇಕಾದಷ್ಟು ಕೊಯ್ದೆ. ಉಳಿದದ್ದು ಬಿದ್ದೋಯ್ತು. ನೆಲ ಎಲ್ಲ ಬೆಳ್ಳಗೆ."

ಹೀಗೆ ಹೇಳುವಾಗ ಅವರ ಬೆರಳು ನಿಂತಿರಲಿಲ್ಲ. ಎಣಿಕೆ ತಪ್ಪಿರಲಿಲ್ಲ ಅಂತ ಕಾಣುತ್ತದೆ.

ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ 2007-08ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಸಂತೋಷ. ನಾವೂ ಸುದ್ದಿ ಮಾಡಿದೆವು. ಆ ಟ್ಯಾಗ್ ಹೆಸರನ್ನು ಕಾಯುತ್ತದೆ, ದರವನ್ನು ಕಾಯುವುದಿಲ್ಲ. ಹೂವು ಕಟ್ಟಿ ಕಟ್ಟೆಗೆ ಕೊಟ್ಟ ಮೇಲೆಯೇ ಎಷ್ಟೋ ಸಲ ಅಂದಿನ ದರ ಬೆಳೆಗಾರರಿಗೆ ಗೊತ್ತಾಗುವುದು. ಮೊದಲು ಸರಕು, ಆಮೇಲೆ ಬೆಲೆ. ವ್ಯಾಪಾರಸ್ಥರ ಪರವಾಗಿಯೂ ಮಾತಿದೆ. ಸಂಜೆಗೆ ಸಾಯುವ ಸರಕನ್ನು ದಿನಾ ಊರೂರಿಗೆ ಮುಟ್ಟಿಸುವವರು ಅವರೇ, ಉಳಿದುಹೋದರೆ ನಷ್ಟವೂ ಅವರದೇ. ಬೆಳೆಗಾರರ ಮನೆಗೆ ಕಷ್ಟ ಬಂದಾಗ ಮುಂಗಡ ಕೊಡುವವರೂ ಅವರೇ ಆಗಿರುತ್ತಾರೆ. ಆದರೆ ಗರಿಷ್ಠ ಅಂತ ಒಂದು ಗೆರೆ ಇದೆ, ಕನಿಷ್ಠ ಅಂತ ಗೆರೆ ಇಲ್ಲ. ಹಬ್ಬದ ದಿನ ಕಟ್ಟೆಯಲ್ಲಿ 2,100ಕ್ಕೆ ನಿಂತ ಅಟ್ಟೆ ಪೇಟೆಗೆ ಬರುವಾಗ ಅದಕ್ಕಿಂತ ಮೇಲೆ ಹೋಗುತ್ತದೆ, ಆ ಮೇಲಿನದು ಜಗಲಿಗೆ ವಾಪಸ್ ಬರುವುದಿಲ್ಲ. ದರ ಬಿದ್ದ ದಿನ ಮಾತ್ರ ನೇರ ಜಗಲಿಗೇ ಬಂದು ಬೀಳುತ್ತದೆ.

ಕನಿಷ್ಠ ದರವೊಂದನ್ನು ಇಡಿ, ಇಲ್ಲದಿದ್ದರೆ ಹಾಲಿನ ಡೇರಿಯ ಹಾಗೆ ಬೆಳೆಗಾರರದೇ ಸಂಘ ಕಟ್ಟಿ ಅನ್ನುವ ಮಾತಿಗೆ ನನ್ನ ಬೆಂಬಲ ಇದೆ. ಇದೇ ಜಿಲ್ಲೆಯಲ್ಲಿ ಹಾಲು ದಿನಕ್ಕೆರಡು ಸಲ ಅಳೆದು, ಚೀಟಿ ಕೊಟ್ಟು, ಮೊದಲೇ ಗೊತ್ತಿರುವ ದರಕ್ಕೆ ಕೊಳ್ಳುವ ಸೊಸೈಟಿ ಊರೂರಿಗೆ ಇದೆ. ಹಾಲೂ ಸಂಜೆಗೆ ಕೆಡುವ ಸರಕೇ. ಅಧಿಕಾರಿಗಳನ್ನು ಕೇಳಿದರೆ ಹಾಲಿಗೆ ಪಂಚಾಂಗ ಇಲ್ಲ, ಹೂವಿಗೆ ಇದೆ ಅನ್ನುತ್ತಾರೆ. ನಿಜ, ಆದರೆ ಆ ನಾಲ್ಕೂ ಪಂಚಾಂಗ ವರ್ಷದ ಮೊದಲೇ ಅಚ್ಚಾಗಿ ಅಂಗಡಿಯಲ್ಲಿ ಸಿಗುತ್ತದೆ. ಯಾವ ದಿನ ಎಷ್ಟು ಮುಹೂರ್ತ, ಯಾವ ವಾರ ಮಾರಿಪೂಜೆ, ಯಾವಾಗ ಈಸ್ಟರ್, ಎಂದು ರಂಜಾನ್ ಅಂತ ಕೂತು ಬರೆದರೆ ಒಂದು ಹಾಳೆ ಸಾಕು. ಆ ಹಿರಿಯಕ್ಕನ ಮನೆಯ ಗೋಡೆಯಲ್ಲಿ ಇಗರ್ಜಿಯ ಕ್ಯಾಲೆಂಡರೂ ಇತ್ತು, ಅದರ ಪಕ್ಕದಲ್ಲೇ ಮುಹೂರ್ತದ ದಿನಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿದ ಇನ್ನೊಂದು ಪಂಚಾಂಗವೂ ತೂಗುತ್ತಿತ್ತು.